ವಾರಸಾ: ಕಿತ್ತೂರ ಕೋಟೆಯಿಂದ ಹೊಲದ ಉತಾರದವರೆಗೆ

1824ರ ಸೆಪ್ಟೆಂಬರ್‌ನಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡರು. ಸಾಯುವ ಮುನ್ನ ಅವರು ಮಾಡಿಕೊಂಡ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಖಜಾನೆಗೆ ಮೊಹರು ಹಾಕಿಸಿದ. ಅಕ್ಟೋಬರ್ 23ರ ಕಾಳಗದಲ್ಲಿ ಥ್ಯಾಕರೆ ಸತ್ತ. ಡಿಸೆಂಬರ್‌ನಲ್ಲಿ ಕೋಟೆ ಬಿತ್ತು. ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲೇ ಕೊನೆಯುಸಿರೆಳೆದರು. ವಾರಸುದಾರ ಯಾರೆಂಬ ಪ್ರಶ್ನೆಗೆ ಒಂದು ಸಂಸ್ಥಾನವೇ ಬಲಿಯಾಯಿತು.

ಅದೇ ಪ್ರಶ್ನೆ ಇಂದು ಸವದತ್ತಿ, ರಾಮದುರ್ಗಗಳಲ್ಲಿ ಎರೆಹೊಲ ಮಾರುವಾಗಲೂ ಏಳುತ್ತದೆ. ಮುಂಬಯಿ, ಮದರಾಸು ನಗರಗಳ ಹಿಂದೂ ಮೃತ್ಯುಪತ್ರಗಳಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಕೋರ್ಟಿನ ಪ್ರೊಬೇಟ್ ಕಡ್ಡಾಯ ಮಾಡಿತ್ತು. ಈ ಸೀಮೆಗೆ ಆ ಕಟ್ಟು ಅನ್ವಯಿಸಲಿಲ್ಲ. ಹೀಗಾಗಿ ಪ್ರೊಬೇಟ್ ಇಲ್ಲವೆಂದು ಇಲ್ಲಿ ಮಾರಾಟ ನಿಲ್ಲದು. ಉತಾರದಲ್ಲಿ ತೀರಿಹೋದ ಅಜ್ಜನ ಹೆಸರೇ ಉಳಿದಿದ್ದರೆ ನಿಲ್ಲುತ್ತದೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯಂತೆ 3 ತಿಂಗಳೊಳಗೆ ವಾರಸಾ ವರದಿ ಕೊಡಬೇಕು. ತಕರಾರಿಗೂ ಅವಕಾಶವಿದೆ.

ಆದರೆ ಉತಾರದ ಹೆಸರೊಂದೇ ಒಡೆತನವಲ್ಲ. 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು. ಲಗ್ನವಾಗಿ ಹೋದ ಅಕ್ಕನ ಸಹಿ ಬಿಟ್ಟು ಅಣ್ಣತಮ್ಮಂದಿರು ಹೊಲ ಮಾರಿದರೆ, ಅವಳ ಪಾಲು ಮಾರಿದಂತಾಗದು. ಕೊಂಡವನು ಮುಂದೆ ಪಾಲಿನ ದಾವೆ ಎದುರಿಸಬೇಕಾದೀತು.