ಅಕೇಡಿಯದ ಸಾರೋಟು ರಸ್ತೆಗಳು

ಅಮೆರಿಕ ಸಂಯುಕ್ತ ಸಂಸ್ಥಾನದ ಮೇನ್ ರಾಜ್ಯದ ಕರಾವಳಿಗೆ ಹೊಂದಿಕೊಂಡ ಮೌಂಟ್ ಡೆಸರ್ಟ್ ದ್ವೀಪದಲ್ಲಿ, ಅಕೇಡಿಯ ರಾಷ್ಟ್ರೀಯ ಉದ್ಯಾನದ ಕಾಡು, ಸರೋವರ, ಗುಡ್ಡಗಳ ನಡುವೆ ಸುತ್ತುವ ಜಲ್ಲಿ ರಸ್ತೆಗಳ ಜಾಲ. ಎಣ್ಣೆ ಉದ್ಯಮದಿಂದ ಸಿರಿವಂತವಾದ ಮನೆತನದ ಕಿರಿಯ ಜಾನ್ ಡಿ. ರಾಕ್‌ಫೆಲರ್ 1913ರಿಂದ 1940ರವರೆಗೆ ಇದನ್ನು ಸ್ವಂತ ಖರ್ಚಿನಲ್ಲಿ ಕಟ್ಟಿಸಿದ. ಒಟ್ಟು ಉದ್ದ ಸುಮಾರು 92 ಕಿ.ಮೀ.; ಇದರಲ್ಲಿ 72 ಕಿ.ಮೀ.ನಷ್ಟು ಭಾಗ ಉದ್ಯಾನದೊಳಗಿದೆ. ಮೋಟಾರು ವಾಹನಗಳಿಗೆ ಪ್ರವೇಶವಿಲ್ಲ. ಕುದುರೆ ಸಾರೋಟಿಗೆಂದು ಹಾಕಿದ ಈ ರಸ್ತೆಗಳ ಕೆಲವು ಭಾಗಗಳಲ್ಲಿ ಇಂದು ಗಾಲಿಕುರ್ಚಿಯಲ್ಲಿ ಕುಳಿತವರೂ ಸರೋವರದ ದಡದವರೆಗೆ ಹೋಗಬಹುದು.

ದ್ವೀಪ ಮೂಲತಃ ವಬನಾಕಿ ಆದಿವಾಸಿಗಳ ನೆಲೆ. 19ನೆಯ ಶತಮಾನದ ನಡುಭಾಗದಲ್ಲಿ ಥಾಮಸ್ ಕೋಲ್, ಫ್ರೆಡರಿಕ್ ಚರ್ಚ್ ಮೊದಲಾದ ಚಿತ್ರಕಾರರು ಇಲ್ಲಿಯ ದೃಶ್ಯಗಳನ್ನು ಬಿಡಿಸಿ ಪ್ರಸಿದ್ಧಿಗೆ ತಂದರು. ಅವರ ಬೆನ್ನಿಗೆ ಬಂದ ಬೋಸ್ಟನ್, ನ್ಯೂಯಾರ್ಕ್, ಫಿಲಡೆಲ್ಫಿಯದ ಸಿರಿವಂತರು ಬೇಸಗೆ ಕಳೆಯಲು ಬಂಗಲೆಗಳನ್ನು ಕಟ್ಟಿಕೊಂಡರು. ಮರ ಕೊಯ್ಯುವ ಯಂತ್ರಗಳೂ ನಿವೇಶನದ ವ್ಯಾಪಾರಿಗಳೂ ಬೆಟ್ಟ ಹತ್ತುವ ಭಯ ಹುಟ್ಟಿದಾಗ ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷನಾಗಿದ್ದ ಚಾರ್ಲ್ಸ್ ಎಲಿಯಟ್ ಮತ್ತು ಜಾರ್ಜ್ ಡಾರ್ ಮುಂದಾಳುಗಳಾಗಿ 1901ರಲ್ಲಿ ಭೂಮಿಯನ್ನು ಕೊಂಡು ಕಾಪಾಡುವ ಸಂಘವೊಂದನ್ನು ಸ್ಥಾಪಿಸಿದರು. ಹೀಗೆ ಕೂಡಿಬಂದ ಜಮೀನು 1916ರಲ್ಲಿ ರಾಷ್ಟ್ರೀಯ ಸ್ಮಾರಕವಾಯಿತು. 1919ರಲ್ಲಿ ಲಾಫಯೆಟ್ ಎಂಬ ಹೆಸರಿನ ರಾಷ್ಟ್ರೀಯ ಉದ್ಯಾನವಾಗಿ, 1929ರಲ್ಲಿ ಅಕೇಡಿಯ ಎಂಬ ಈಗಿನ ಹೆಸರನ್ನು ಪಡೆಯಿತು. ಡಾರ್ ಇದರ ಮೊದಲ ಮೇಲ್ವಿಚಾರಕ.

ರಸ್ತೆಗಳ ಹುಟ್ಟಿಗೆ ನೇರ ಕಾರಣ ಮೋಟಾರು ಕಾರು. ದ್ವೀಪದ ಬೇಸಗೆ ನಿವಾಸಿಗಳು ಅದನ್ನು ಬಹುಕಾಲ ಹೊರಗಿಟ್ಟಿದ್ದರು. 1913ರಲ್ಲಿ ಬಾರ್ ಹಾರ್ಬರ್ ಊರು ಕಾರುಗಳನ್ನು ಒಳಗೆ ಬಿಟ್ಟಿತು. 1915ರ ಹೊತ್ತಿಗೆ ಇಡೀ ದ್ವೀಪ ತೆರೆದುಕೊಂಡಿತು. ಸೀಲ್ ಹಾರ್ಬರ್‌ನಲ್ಲಿ 1910ರಲ್ಲಿ ಮನೆ ಕೊಂಡಿದ್ದ ರಾಕ್‌ಫೆಲರ್‌ಗೆ ಕುದುರೆ ಗಾಡಿ ಹೊಡೆಯುವುದು ಅಚ್ಚುಮೆಚ್ಚು. ತಂದೆಯ ಎಸ್ಟೇಟುಗಳಲ್ಲಿ ರಸ್ತೆ ಹಾಕುವ ಕೆಲಸವನ್ನು ಹತ್ತಿರದಿಂದ ನೋಡಿ ಕಲಿತಿದ್ದ ಈತ, ಕಾರುಗಳ ಕಾಟವಿಲ್ಲದ ದಾರಿಯನ್ನು ತನ್ನ ಜಮೀನಿನಲ್ಲಿಯೇ ಮಾಡಿಕೊಳ್ಳಲು ಹೊರಟ. ಎಣ್ಣೆಯಿಂದ ಬೆಳೆದ ಸಂಪತ್ತು ಎಣ್ಣೆಯಿಂದ ಓಡುವ ಗಾಡಿಯನ್ನು ದೂರವಿಡಲು ವೆಚ್ಚವಾದುದು ವಿಚಿತ್ರವೇ ಸರಿ. ಆದರೆ ಈತ ಕಾರಿನ ಕಡು ವಿರೋಧಿಯೇನೂ ಆಗಿರಲಿಲ್ಲ. ಉದ್ಯಾನದ ಮೋಟಾರು ರಸ್ತೆಗೂ ಹಣ ಕೊಟ್ಟ. ಎರಡೂ ಬೇರೆಬೇರೆಯಾಗಿರಬೇಕೆಂಬುದಷ್ಟೇ ಇವನ ಹಟ. ಸಾರೋಟು ರಸ್ತೆಯೂ ಮೋಟಾರು ರಸ್ತೆಯೂ ಸಂಧಿಸುವ ಕಡೆಗಳಲ್ಲಿ ಒಂದು ಇನ್ನೊಂದರ ಮೇಲೆ ಹಾದುಹೋಗುವಂತೆ ಸೇತುವೆ ಕಟ್ಟಿಸಿದ್ದು ಇದಕ್ಕಾಗಿಯೇ.

ಕೆಲಸ ನಿರ್ವಿಘ್ನವಾಗಿ ನಡೆಯಲಿಲ್ಲ. ಕಾಡಿನ ಏಕಾಂತಕ್ಕೆ ರಸ್ತೆಯೇ ಶತ್ರು ಎಂದು ವಾದಿಸಿದವರಲ್ಲಿ ಪೆನ್ಸಿಲ್ವೇನಿಯದ ಸೆನೆಟರ್ ಜಾರ್ಜ್ ವಾರ್ಟನ್ ಪೆಪ್ಪರ್ ಪ್ರಮುಖ. 1920ರ ದಶಕದಲ್ಲಿ ದೂರು ವಾಷಿಂಗ್ಟನ್ನಿನವರೆಗೆ ಹೋಗಿ ಕೆಲಕಾಲ ತಡೆ ಬಿತ್ತು. ವಿಚಾರಣೆಯ ಬಳಿಕ ಮತ್ತೆ ಅನುಮತಿ ಸಿಕ್ಕಿತು. ಈ ವಿರೋಧವನ್ನು ಹಳೆಯ ಬಂಗಲೆವಾಸಿಗಳ ಕಿರಿಕಿರಿ ಎಂದು ತಳ್ಳಿಹಾಕುವಂತಿಲ್ಲ. ಕಾಲುದಾರಿ ಮಾತ್ರ ಇದ್ದ ಕಣಿವೆಗಳಲ್ಲಿ ಬಂಡೆ ಸಿಡಿಸಿ ರಸ್ತೆ ಕಡಿದದ್ದು ನಿಜ.

ರಚನೆಯಲ್ಲಿ ಇವು ಒಡೆದ ಕಲ್ಲಿನ ರಸ್ತೆಗಳು. ಅಗಲ ಸುಮಾರು 16 ಅಡಿ. ಮೂರು ಪದರ ಕಲ್ಲು ಹಾಸಿ, ಮಳೆನೀರು ಎರಡೂ ಬದಿಗೆ ಹರಿದುಹೋಗಲೆಂದು ನಡುಭಾಗವನ್ನು 6ರಿಂದ 8 ಅಂಗುಲ ಉಬ್ಬಿಸಲಾಗಿದೆ. ಪಕ್ಕದಲ್ಲಿ ಚರಂಡಿ, ಅಲ್ಲಲ್ಲಿ ಕಲ್ಲಿನ ಮೋರಿ, ಇಳಿಜಾರಿನ ಅಂಚಿಗೆ ಗಾಡಿ ಜಾರದಂತೆ ಒರಟು ಗ್ರಾನೈಟ್ ತಡೆಗಲ್ಲುಗಳ ಸಾಲು. ಇವಕ್ಕೆ ಜನ ತಮಾಷೆಗೆ ‘ರಾಕ್‌ಫೆಲರನ ಹಲ್ಲು’ ಎನ್ನುತ್ತಾರೆ. ಎಲ್ಲಕ್ಕಿಂತ ಮುಖ್ಯವಾದುದು ದಾರಿಯ ಜಾಡು. ಗಾಡಿ ಎಳೆಯುವ ಕುದುರೆ ಕಡಿದಾದ ಏರಿನಲ್ಲಿ ಬಸವಳಿಯುತ್ತದೆ, ಬಿಗಿಯಾದ ತಿರುವಿನಲ್ಲಿ ಗಾಡಿ ಹೊರಳುತ್ತದೆ. ಆದ್ದರಿಂದ ರಸ್ತೆಗಳು ಗುಡ್ಡದ ಮೈಯನ್ನು ಅನುಸರಿಸಿ ನಿಧಾನವಾಗಿ ಏರಿಳಿಯುತ್ತವೆ. ಹಿರಿಯ ಎಂಜಿನಿಯರ್ ಚಾರ್ಲ್ಸ್ ಸಿಂಪ್ಸನ್, ಅವನ ನಂತರ ಮಗ ಪಾಲ್ ಈ ಕೆಲಸ ನೋಡಿಕೊಂಡರು. ಉಕ್ಕು ಮತ್ತು ಕಾಂಕ್ರೀಟಿನ ಒಡಲಿಗೆ ಕಲ್ಲಿನ ಹೊದಿಕೆ ಕೊಟ್ಟ 17 ಸೇತುವೆಗಳಲ್ಲಿ 16ಕ್ಕೆ ರಾಕ್‌ಫೆಲರನದೇ ಹಣ, ಒಂದರಂತೆ ಇನ್ನೊಂದಿಲ್ಲ. ಮೊದಲನೆಯದಾದ 1917ರ ಕಾಬಲ್‌ಸ್ಟೋನ್ ಸೇತುವೆಗೆ ದುಂಡುಗಲ್ಲಿನ ಹೊದಿಕೆಯಿದೆ. 1929ರ ಡಕ್ ಬ್ರೂಕ್ ಸೇತುವೆ ಮೂರು ಎತ್ತರದ ಕಮಾನುಗಳ ಮೇಲೆ ನಿಂತಿದೆ. ಕಡಿದ ದಿಬ್ಬಗಳ ಗಾಯ ಮುಚ್ಚಲು ಉದ್ಯಾನಶಿಲ್ಪಿ ಬಿಯಾಟ್ರಿಕ್ಸ್ ಫಾರಂಡ್ ಸ್ಥಳೀಯ ಗಿಡಗಳನ್ನು ಸೂಚಿಸಿದಳು. ಕಾಡು ಬ್ಲೂಬೆರಿ, ಸ್ವೀಟ್‌ಫರ್ನ್ ಪೊದೆಗಳು ಈಗಲೂ ಅಂಚುಗಳಲ್ಲಿ ಬೆಳೆಯುತ್ತವೆ.

ಜಾಲ ಪೂರ್ಣವಾದ ಏಳು ವರ್ಷಕ್ಕೆ, 1947ರ ಅಕ್ಟೋಬರ್‌ನಲ್ಲಿ, ದ್ವೀಪಕ್ಕೆ ಬೆಂಕಿ ಬಿದ್ದು ಸುಮಾರು 17,000 ಎಕರೆ ಸುಟ್ಟಿತು. ಇದರಲ್ಲಿ 10,000 ಎಕರೆಗೂ ಮಿಕ್ಕಿದ ಭಾಗ ಉದ್ಯಾನದ್ದು. ಸ್ಪ್ರೂಸ್, ಫರ್ ಮರಗಳ ಕಪ್ಪು ಕಾಡಿದ್ದ ಕಡೆ ಬರ್ಚ್, ಆಸ್ಪೆನ್ ಮರಗಳು ಎದ್ದವು. ಶರತ್ಕಾಲದಲ್ಲಿ ಈಗಲ್ ಲೇಕ್ ಸುತ್ತ ಇಂದು ಕಾಣುವ ಹಳದಿ ಬಣ್ಣ ಆ ಬೆಂಕಿಯ ಫಲ. ಆಸ್ಪೆನ್ ತೊಗಟೆಗೆ ಮುಗಿಬೀಳುವ ಬೀವರ್‌ಗಳ ಸಂಖ್ಯೆಯೂ ಏರಿತು. ಅವು ಒಡ್ಡು ಕಟ್ಟಿ ನೀರು ನಿಲ್ಲಿಸುವುದರಿಂದ ವಿಚ್ ಹೋಲ್ ಪಾಂಡ್ ಕಡೆಯ ರಸ್ತೆಗೆ ಆಗಾಗ ತೊಂದರೆ ತಪ್ಪಿದ್ದಲ್ಲ.

ರಾಕ್‌ಫೆಲರ್ 1960ರಲ್ಲಿ ತೀರಿಕೊಂಡ ಮೇಲೆ ಆರೈಕೆ ಕುಂದಿತು. ಚರಂಡಿಗಳು ಹೂತುಹೋಗಿ, ಮೇಲ್ಪದರದ ಜಲ್ಲಿ ಕೊಚ್ಚಿಹೋಗಿ, ಅಂಚಿನ ಪೊದೆಗಳು ರಸ್ತೆಯೊಳಗೆ ನುಗ್ಗಿದವು. 1979ರಲ್ಲಿ ಐತಿಹಾಸಿಕ ತಾಣಗಳ ರಾಷ್ಟ್ರೀಯ ಪಟ್ಟಿಗೆ ಸೇರಿದರೂ ನಿಜವಾದ ದುರಸ್ತಿ ನಡೆದದ್ದು 1992-95ರಲ್ಲಿ, ಸರ್ಕಾರದ ಹಣ ಮತ್ತು ‘ಫ್ರೆಂಡ್ಸ್ ಆಫ್ ಅಕೇಡಿಯ’ ಸಂಘದ ನೆರವಿನಿಂದ. ಮುಂದಿನ ನಿರ್ವಹಣೆಗೆ ಸಂಘ ಶಾಶ್ವತ ನಿಧಿಯೊಂದನ್ನೂ ಇಟ್ಟಿತು.

ಅಂಗವಿಕಲರ ಪ್ರವೇಶದ ಪ್ರಶ್ನೆ ಅಮೆರಿಕದ ಕಾನೂನಿಗೆ ಬಂದದ್ದು ರಸ್ತೆಗಳು ಮುಗಿದು ಬಹುಕಾಲದ ಮೇಲೆ. 1968ರ ಕಾಯಿದೆ ಸರ್ಕಾರಿ ಕಟ್ಟಡಗಳಲ್ಲಿ ತಡೆಗಳಿರಬಾರದೆಂದಿತು. ಬಯಲಿನ ಕಾಲುದಾರಿಗಳಿಗೆ ನಿರ್ದಿಷ್ಟ ಅಳತೆ ಸಿಕ್ಕಿದ್ದು 2013ರಲ್ಲಿ: ಕನಿಷ್ಠ 36 ಅಂಗುಲ ಅಗಲ, ಗಟ್ಟಿ ನೆಲ, ಉದ್ದಕ್ಕೂ ಶೇ. 5ರೊಳಗಿನ ಏರು, ಅದಕ್ಕಿಂತ ಕಡಿದಾದರೆ ಗಿಡ್ಡ ತುಣುಕುಗಳಲ್ಲಿ ಮಾತ್ರ. ಈ ಅಳತೆಗಳನ್ನು ಕನಸಿನಲ್ಲೂ ಕಾಣದ ಕಾಲದ ಸಾರೋಟು ರಸ್ತೆ, ಕುದುರೆಯ ದಮ್ಮಿಗೆ ತಕ್ಕಂತೆ ಏರನ್ನು ಇಳಿಸಿದ್ದರಿಂದ, ಹಲವು ಕಡೆ ಅವಕ್ಕೆ ಹತ್ತಿರ ಬರುತ್ತದೆ. ಆದರೆ ಎಲ್ಲ ಕಡೆಯೂ ಅಲ್ಲ. ಬೆಟ್ಟ ಸುತ್ತುವ ಭಾಗಗಳಲ್ಲಿ ಕುದುರೆಗೆ ಸಲೀಸಾದ ದೀರ್ಘ ಏರು ಕೈಯಿಂದ ಗಾಲಿ ತಳ್ಳುವವರ ತೋಳಿಗೆ ಭಾರ. ಉಬ್ಬಿದ ನಡುಭಾಗ ಗಾಲಿಯನ್ನು ಅಂಚಿಗೆ ಎಳೆಯುತ್ತದೆ. ವೈಲ್ಡ್‌ವುಡ್ ಕುದುರೆ ಲಾಯದಿಂದ ಹೊರಡುವ ಸಾರೋಟುಗಳಲ್ಲಿ ಗಾಲಿಕುರ್ಚಿ ಸಮೇತ ಹತ್ತಬಹುದಾದವೂ ಇವೆ. ಆದರೆ ಪಕ್ಕದ ಜಾರ್ಡನ್ ಪಾಂಡ್ ಸರೋವರದ ಸುತ್ತಲಿನ ಕಾಲುದಾರಿಯ ಪಶ್ಚಿಮ ದಡದಲ್ಲಿ ಕಿರಿದಾದ ಮರದ ಹಲಗೆಗಳ ಮೇಲೆ ನಡೆಯಬೇಕಾದ್ದರಿಂದ ಗಾಲಿಕುರ್ಚಿ ಅಲ್ಲಿ ಸಾಗದು.

ಈಗ ನಡೆಯುವವರು, ಸೈಕಲ್ಲಿನವರು, ಕುದುರೆ ಸವಾರರು, ಚಳಿಗಾಲದಲ್ಲಿ ಸ್ಕೀ ಮಾಡುವವರು ಈ ಸಾರೋಟು ರಸ್ತೆಗಳನ್ನು ಬಳಸುತ್ತಾರೆ. ಪೆಡಲ್ ತುಳಿದರೆ ಮಾತ್ರ ಮೋಟಾರು ನೆರವಾಗುವ ವಿದ್ಯುತ್ ಸೈಕಲ್ಲುಗಳಿಗೆ 2019ರಿಂದ ಅವಕಾಶವಿದೆ. ವಸಂತದಲ್ಲಿ ಹಿಮ ಕರಗಿ ಮೇಲ್ಪದರ ಕೆಸರಾದಾಗ, ತುಳಿದು ಹಾಳಾಗದಿರಲೆಂದು, ನೆಲ ಒಣಗುವವರೆಗೆ ರಸ್ತೆಗಳನ್ನು ಎಲ್ಲರಿಗೂ ಮುಚ್ಚಲಾಗುತ್ತದೆ.