ಧಾನ್ಯದ ಬೆಲೆಯೂ ಕಳ್ಳರ ಲೆಕ್ಕವೂ

1829ರಲ್ಲಿ ಪ್ಯಾರಿಸಿನಲ್ಲಿ ಒಂದು ದೊಡ್ಡ ಹಾಳೆ ಅಚ್ಚಾಗಿ ಹೊರಬಂತು. ಅದರ ಮೇಲೆ ಫ್ರಾನ್ಸಿನ ಮೂರು ನಕಾಶೆಗಳಿದ್ದವು. ಮೊದಲನೆಯದು ಮನುಷ್ಯರ ಮೇಲೆ ನಡೆದ ಅಪರಾಧಗಳದ್ದು, ಎರಡನೆಯದು ಆಸ್ತಿಯ ಮೇಲೆ ನಡೆದ ಅಪರಾಧಗಳದ್ದು, ಮೂರನೆಯದು ಶಿಕ್ಷಣದ್ದು. ಅಪರಾಧ ಹೆಚ್ಚಿದಷ್ಟೂ ಬಣ್ಣ ಕಪ್ಪು, ಶಿಕ್ಷಣ ಕಡಿಮೆಯಾದಷ್ಟೂ ಬಣ್ಣ ಕಪ್ಪು. ಅಜ್ಞಾನವೇ ಅಪರಾಧದ ತಾಯಿ ಎಂದು ಆಗಿನ ಸುಧಾರಕರು ಗಟ್ಟಿಯಾಗಿ ನಂಬಿದ್ದರು. ನಂಬಿಕೆ ನಿಜವಾಗಿದ್ದರೆ ಮೂರೂ ನಕಾಶೆಗಳ ಕಪ್ಪು ಒಂದರ ಮೇಲೊಂದು ಕೂರಬೇಕಿತ್ತು. ಕೂರಲಿಲ್ಲ. ಓದುಬರಹ ಹೆಚ್ಚಿದ್ದ ಉತ್ತರ ಫ್ರಾನ್ಸಿನಲ್ಲೇ ಕಳ್ಳತನವೂ ಹೆಚ್ಚಿತ್ತು.

ಹಾಳೆಯನ್ನು ಮಾಡಿದವರು ಇಬ್ಬರು. ಆಂದ್ರೆ-ಮಿಷೆಲ್ ಗೆರಿ ಎಂಬ ತರುಣ ವಕೀಲ, ಆದ್ರಿಯಾನೋ ಬಾಲ್ಬಿ ಎಂಬ ವೆನಿಸ್ ಮೂಲದ ಭೂಗೋಳಜ್ಞ. ಇವರಿಗೆ ಅಂಕಿಗಳನ್ನು ಒದಗಿಸಿದ್ದು ಫ್ರಾನ್ಸಿನ ನ್ಯಾಯ ಇಲಾಖೆ. 1825ನೇ ಸಾಲಿನಿಂದ ದೇಶದ ಪ್ರತಿಯೊಂದು ಜಿಲ್ಲೆಯ ಕ್ರಿಮಿನಲ್ ಕೋರ್ಟುಗಳ ಲೆಕ್ಕವನ್ನು ಅದು ಒಂದೇ ನಮೂನೆಯಲ್ಲಿ ತರಿಸಿಕೊಂಡು, 1827ರಿಂದ ವರ್ಷವರ್ಷ ಅಚ್ಚು ಹಾಕಿಸಿತು. ಆಪಾದಿತರೆಷ್ಟು, ಶಿಕ್ಷೆಯಾದವರೆಷ್ಟು, ವಯಸ್ಸೇನು, ಗಂಡಸೋ ಹೆಂಗಸೋ ಎಂಬ ವಿವರಗಳೆಲ್ಲ ಅದರಲ್ಲಿದ್ದವು. ಒಂದು ಇಡೀ ದೇಶದ ಅಪರಾಧವನ್ನು ಕೋಷ್ಟಕಗಳಲ್ಲಿ ಹೀಗೆ ಸಾಲಾಗಿ ಜೋಡಿಸಿದ್ದು ಅದೇ ಮೊದಲು.

ಗೆರಿ 1833ರಲ್ಲಿ ಇದನ್ನೇ ಬೆಳೆಸಿ ಒಂದು ಪುಸ್ತಕ ಮಾಡಿದ. ಅದರ ಹೆಸರನ್ನು 'ಫ್ರಾನ್ಸಿನ ನೈತಿಕ ಅಂಕಿಅಂಶ' ಎಂದು ಕನ್ನಡಕ್ಕೆ ತಂದರೆ ಓದುವವರಿಗೆ ಉಪದೇಶದ ವಾಸನೆ ಬಡಿಯುತ್ತದೆ. ಆ ಕಾಲದ ಫ್ರೆಂಚಿನಲ್ಲಿ 'ಮೊರಾಲ್' ಎಂಬುದಕ್ಕೆ ಮನುಷ್ಯನ ನಡವಳಿಕೆ, ಮನಸ್ಸು, ದೇಹಕ್ಕೆ ಸೇರದ್ದೆಲ್ಲ ಎಂಬಷ್ಟು ಅಗಲದ ಅರ್ಥವಿತ್ತು. ಗೆರಿಯ ಎಣಿಕೆಯ ಕ್ರಮವೂ ಇಂದಿನದಕ್ಕೆ ಉಲ್ಟಾ. ಲಕ್ಷ ಜನಕ್ಕೆ ಎಷ್ಟು ಅಪರಾಧ ಎಂದು ಹೇಳುವ ಬದಲು ಎಷ್ಟು ಜನರಿಗೆ ಒಬ್ಬ ಆಪಾದಿತ ಎಂದು ಹೇಳುತ್ತಿದ್ದ. ಸಂಖ್ಯೆ ದೊಡ್ಡದಾದಷ್ಟೂ ಜಿಲ್ಲೆ ಶಾಂತ. ಕೊಲೆ, ಹಲ್ಲೆಯಂಥವುಗಳಲ್ಲಿ ಕಾರ್ಸಿಕಾ ದ್ವೀಪಕ್ಕೆ ಮೊದಲ ಸ್ಥಾನ, 2,199 ಜನಕ್ಕೆ ಒಬ್ಬ. ಆಸ್ತಿ ಅಪರಾಧದಲ್ಲಿ ಪ್ಯಾರಿಸ್ ಇರುವ ಸೇನ್ ಜಿಲ್ಲೆ, 1,368 ಜನಕ್ಕೆ ಒಬ್ಬ. ಎರಡರಲ್ಲೂ ಅತ್ಯಂತ ಶಾಂತವಾಗಿದ್ದದ್ದು ದೇಶದ ನಡುವಿನ ಕ್ರೂಸ್ ಎಂಬ ಬಡ ಜಿಲ್ಲೆ. ಅಲ್ಲಿ ಮನುಷ್ಯರ ಮೇಲಿನ ಅಪರಾಧಕ್ಕೆ 37,014 ಜನಕ್ಕೆ ಒಬ್ಬ, ಆಸ್ತಿಯ ಅಪರಾಧಕ್ಕೆ 20,235 ಜನಕ್ಕೆ ಒಬ್ಬ.

ಬಡವರು ಕದಿಯುತ್ತಾರೆ ಎಂಬ ಮಾತಿಗೆ ಈ ಕೋಷ್ಟಕ ಎದುರು ನಿಂತಿತು. ಕದಿಯಲು ಏನಾದರೂ ಇರುವಲ್ಲಿ ಕಳ್ಳತನ ಹೆಚ್ಚು ಎಂಬ ಸರಳ ವಿವರಣೆ ಒಂದು ಉಂಟು. ಇನ್ನೊಂದು ವಿವರಣೆ ಊರು ಬಿಟ್ಟು ದುಡಿಯುವವರಿಗೆ ಬೇಗ ಹೊಳೆಯುತ್ತದೆ. ಕ್ರೂಸ್ ಜಿಲ್ಲೆ ಗಾರೆ ಕೆಲಸದವರಿಗೆ ಹೆಸರುವಾಸಿ. ಪ್ರತಿವರ್ಷ ಕೆಲಸದ ಹಂಗಾಮಿನಲ್ಲಿ ಅಲ್ಲಿನ ಪ್ರಾಯದ ಗಂಡಸರು ಹಿಂಡುಹಿಂಡಾಗಿ ಪ್ಯಾರಿಸಿಗೆ ನಡೆದುಬಿಡುತ್ತಿದ್ದರು. ಎಲ್ಲ ದೇಶಗಳಲ್ಲೂ ಅಪರಾಧದ ಲೆಕ್ಕ ತುಂಬಿಸುವವರು ಮುಖ್ಯವಾಗಿ ಪ್ರಾಯದ ಗಂಡಸರೇ. ಅವರು ಊರಲ್ಲಿಲ್ಲದಿದ್ದರೆ ಊರು ಸಂಭಾವಿತವಾಗಿ ಕಾಣುವುದರಲ್ಲಿ ಆಶ್ಚರ್ಯವಿಲ್ಲ. ಅವರಲ್ಲೊಬ್ಬ ಪ್ಯಾರಿಸಿನಲ್ಲಿ ಕುಡಿದು ಬಡಿದಾಡಿದರೆ ಅದು ಸೇನ್ ಜಿಲ್ಲೆಯ ಖಾತೆಗೆ. ಉಡುಪಿಯ ಹಳ್ಳಿಯನ್ನೂ ಮುಂಬೈಯ ಫೋರ್ಟನ್ನೂ ಪಕ್ಕದಲ್ಲಿಟ್ಟು ಅಪರಾಧ ಹೋಲಿಸಿದರೂ ಇಂಥದೇ ಎಡವಟ್ಟು ಆದೀತು.

ಇದೇ ಕೋಷ್ಟಕಗಳನ್ನು ಬ್ರಸೆಲ್ಸಿನಲ್ಲಿ ಕೂತು ಓದುತ್ತಿದ್ದವನು ಅಡಾಲ್ಫ್ ಕೆಟ್ಲೆ, ಖಗೋಳ ವಿಜ್ಞಾನಿ. ಗ್ರಹಗಳ ಚಲನೆಯಲ್ಲಿ ನಿಯಮ ಹುಡುಕಿ ಅಭ್ಯಾಸವಾದವನಿಗೆ ಕೋರ್ಟಿನ ಲೆಕ್ಕದಲ್ಲೂ ನಿಯಮ ಕಂಡಿತು. 1826ರಿಂದ 1829ರವರೆಗೆ ಫ್ರಾನ್ಸಿನ ಮೇಲಿನ ಕ್ರಿಮಿನಲ್ ಕೋರ್ಟುಗಳ ಮುಂದೆ ವರ್ಷಕ್ಕೆ ಸುಮಾರು 7 ಸಾವಿರ ಆಪಾದಿತರು, ಅವರಲ್ಲಿ ನೂರಕ್ಕೆ 61 ಅಥವಾ 62 ಮಂದಿಗೆ ಶಿಕ್ಷೆ. ಮುಂದಿನ ವರ್ಷ ಎಷ್ಟು ಜನ ಕೊಲೆ ಮಾಡುತ್ತಾರೆ, ಎಷ್ಟು ಜನ ಖೋಟಾ ಸಹಿ ಹಾಕುತ್ತಾರೆ ಎಂದು ಜನನ ಮರಣಗಳಷ್ಟೇ ಖಚಿತವಾಗಿ ಮೊದಲೇ ಹೇಳಬಹುದು ಎಂದ ಕೆಟ್ಲೆ. ಸರ್ಕಾರದ ಖಜಾನೆಗಿಂತ ತಪ್ಪದೆ ಪಾವತಿಯಾಗುವ ಬಜೆಟ್ ಜೈಲು ಮತ್ತು ಗಲ್ಲುಗಂಬದ್ದು ಎಂಬ ಅರ್ಥದ ಅವನ ಮಾತು ಯುರೋಪಿನ ಪಾದ್ರಿಗಳನ್ನೂ ತತ್ವಜ್ಞಾನಿಗಳನ್ನೂ ಕೆರಳಿಸಿತು. ಮನುಷ್ಯನ ಸ್ವಂತ ಇಚ್ಛೆ ಎಲ್ಲಿಗೆ ಹೋಯಿತು ಎಂದು ಅವರು ಕೇಳಿದರು. ಬಡತನದ ಬಗ್ಗೆ ಅವನ ತೀರ್ಮಾನ ಮಾತ್ರ ಇವತ್ತಿಗೂ ಹಳತಾಗಿಲ್ಲ: ಬಡತನ ತಾನಾಗಿ ಅಪರಾಧ ಹುಟ್ಟಿಸುವುದಿಲ್ಲ, ಇದ್ದ ಸ್ಥಿತಿಯಿಂದ ದಿಢೀರನೆ ಜಾರಿ ಬೀಳುವಲ್ಲಿ, ಪಕ್ಕದಲ್ಲೇ ಸಿರಿವಂತಿಕೆ ಕಾಣುವಲ್ಲಿ ಅದು ಹುಟ್ಟುತ್ತದೆ.

ಆದರೆ ಕೆಟ್ಲೆಯ ಇಡೀ ಕಟ್ಟಡ ಒಂದು ಊಹೆಯ ಮೇಲೆ ನಿಂತಿತ್ತು, ಅದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು. ಕೋರ್ಟಿಗೆ ಬರುವುದು ನಡೆದ ಅಪರಾಧಗಳಲ್ಲಿ ಒಂದು ಪಾಲು ಮಾತ್ರ. ಆ ಪಾಲು ವರ್ಷದಿಂದ ವರ್ಷಕ್ಕೆ ಬದಲಾಗುವುದಿಲ್ಲ ಎಂದು ಇಟ್ಟುಕೊಂಡರೆ ಲೆಕ್ಕ ನಿಲ್ಲುತ್ತದೆ. ಬದಲಾದರೆ? ದೆಹಲಿಯ ಓದುಗರಿಗೆ ಉತ್ತರ ದೂರದ್ದಲ್ಲ. 2013ರಲ್ಲಿ ದೆಹಲಿಯಲ್ಲಿ ದಾಖಲಾದ ಐಪಿಸಿ ಅಪರಾಧಗಳು ಸುಮಾರು 80 ಸಾವಿರ. 2014ರಲ್ಲಿ 1 ಲಕ್ಷ 55 ಸಾವಿರ. ಒಂದೇ ವರ್ಷದಲ್ಲಿ ಊರು ದುಪ್ಪಟ್ಟು ಕೆಟ್ಟಿತೆಂದು ನಂಬುವುದು ಕಷ್ಟ. 2012ರ ಡಿಸೆಂಬರಿನ ಘಟನೆಯ ನಂತರ ಪೊಲೀಸರ ಮೇಲೆ ಬಿದ್ದ ಒತ್ತಡ, ಗಂಭೀರ ಅಪರಾಧದ ದೂರು ಬಂದರೆ ಎಫ್‌ಐಆರ್ ಮಾಡಲೇಬೇಕು ಎಂದು 2013ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಲಲಿತಾ ಕುಮಾರಿ ಪ್ರಕರಣದಲ್ಲಿ ಕೊಟ್ಟ ತೀರ್ಪು, ಇವು ಠಾಣೆಯ ಪುಸ್ತಕವನ್ನು ತೆರೆಸಿದವು. ಹೀಗಾಗಿಯೇ 2015ರ ರಾಷ್ಟ್ರೀಯ ವರದಿಯಲ್ಲಿ ಕೇರಳ ಲಕ್ಷ ಜನಕ್ಕೆ 720ಕ್ಕೂ ಹೆಚ್ಚು ಪ್ರಕರಣ ತೋರಿಸಿದರೆ ಉತ್ತರ ಪ್ರದೇಶ 112 ತೋರಿಸುತ್ತದೆ. ಹೆಣವನ್ನು ಬಚ್ಚಿಡುವುದು ದೂರನ್ನು ಬಚ್ಚಿಡುವಷ್ಟು ಸುಲಭವಲ್ಲವಾದ್ದರಿಂದ ಬಲ್ಲವರು ಕೊಲೆಯ ಕಾಲಮ್ಮನ್ನು ಮೊದಲು ನೋಡುತ್ತಾರೆ. ಅಲ್ಲಿ ಕೇರಳ ಪಟ್ಟಿಯ ಕೆಳಗಿನ ತುದಿಯಲ್ಲಿದೆ.

ಮತ್ತೆ ಹತ್ತೊಂಬತ್ತನೇ ಶತಮಾನಕ್ಕೆ. ಜರ್ಮನಿಯ ಬವೇರಿಯಾದಲ್ಲಿ ಗೆಯೋರ್ಗ್ ಫಾನ್ ಮಾಯರ್ ಎಂಬ ಸಂಖ್ಯಾಶಾಸ್ತ್ರಜ್ಞ ಜಿಲ್ಲೆಗಳನ್ನು ಹೋಲಿಸುವುದನ್ನು ಬಿಟ್ಟು ವರ್ಷಗಳನ್ನು ಹೋಲಿಸಿದ. ಒಂದೇ ನಾಡು, ಅವವೇ ಜನ. ಬದಲಾಗುವುದು ಕಾಲ ಮಾತ್ರ. ಅಲ್ಲಿಯ ಬಡವರ ಊಟವೆಂದರೆ ರೈ ಎಂಬ ಧಾನ್ಯದ ರೊಟ್ಟಿ, ನಮ್ಮ ಬಯಲುಸೀಮೆಗೆ ರಾಗಿ, ಜೋಳ ಇದ್ದ ಹಾಗೆ. 1830ರ ದಶಕದ ನಡುವಿನಿಂದ 1861ರವರೆಗಿನ ರೈ ಬೆಲೆಯನ್ನೂ ಕಳ್ಳತನದ ಲೆಕ್ಕವನ್ನೂ ಮಾಯರ್ ಅಕ್ಕಪಕ್ಕ ಇಟ್ಟ. ಎರಡೂ ಜೊತೆಗೇ ಏರಿದವು, ಜೊತೆಗೇ ಇಳಿದವು. ಬೆಲೆ ಒಂದು ಪುಡಿಗಾಸಿನಷ್ಟು ಏರಿದರೆ ಲಕ್ಷ ಜನಕ್ಕೆ ಒಂದು ಕಳ್ಳತನ ಹೆಚ್ಚು, ಅಷ್ಟೇ ಇಳಿದರೆ ಒಂದು ಕಡಿಮೆ.

ಇಷ್ಟು ಚೊಕ್ಕವಾದ ಲೆಕ್ಕ ಕಂಡರೆ ಸ್ವಲ್ಪ ಅನುಮಾನ ಪಡುವುದು ಒಳ್ಳೆಯದು. ಧಾನ್ಯದ ಬೆಲೆ ಏರುವುದಕ್ಕೆ ಕಾರಣಗಳು ಹಲವು. ದಂಗೆ, ಯುದ್ಧ, ಸರ್ಕಾರದ ಅವ್ಯವಸ್ಥೆ ಬೆಲೆಯನ್ನೂ ಏರಿಸಬಹುದು, ಕಳ್ಳತನವನ್ನೂ ಏರಿಸಬಹುದು. ಆಗ ಬೆಲೆಗೂ ಕಳ್ಳತನಕ್ಕೂ ನೇರ ಸಂಬಂಧವೇ ಇಲ್ಲದೆ ಎರಡೂ ಒಟ್ಟಿಗೆ ಕುಣಿದಂತೆ ಕಾಣುತ್ತವೆ. ಈ ಗಂಟು ಬಿಡಿಸಲು ಮಾಯರನ ಕಾಲದಲ್ಲಿ ಉಪಾಯವಿರಲಿಲ್ಲ. ಸುಮಾರು 140 ವರ್ಷಗಳ ನಂತರ, 2006ರಲ್ಲಿ, ಹಾಲ್ವೋರ್ ಮೇಲುಮ್, ಎಡ್ವರ್ಡ್ ಮಿಗೆಲ್, ರಾಗ್ನರ್ ಟೋರ್ವಿಕ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಅದೇ ಬವೇರಿಯಾದ ಹಳೆಯ ಕೋಷ್ಟಕಗಳನ್ನು ಮತ್ತೆ ತೆರೆದರು. ಅವರ ಉಪಾಯ ಮಳೆ. ಅಕಾಲದ ಮಳೆ ಬಿದ್ದರೆ ರೈ ಬೆಳೆ ಕೆಡುತ್ತದೆ, ಬೆಲೆ ಏರುತ್ತದೆ. ದಂಗೆಗೂ ಮಂತ್ರಿಗೂ ಮಳೆ ಕಿವಿಗೊಡುವುದಿಲ್ಲ. ಹಾಗಾಗಿ ಬೆಲೆಯ ಏರಿಳಿತದಲ್ಲಿ ಮಳೆಯಿಂದಾದ ಭಾಗವನ್ನಷ್ಟೇ ಸೋಸಿ ತೆಗೆದು ಅದನ್ನು ಕಳ್ಳತನದೊಂದಿಗೆ ಇಟ್ಟು ನೋಡಿದರು. ಸಂಬಂಧ ಅಳಿಯಲಿಲ್ಲ, ಆದರೆ ಸಣ್ಣದಾಯಿತು. ಸುಮ್ಮನೆ ಎರಡು ಸಾಲು ಹೋಲಿಸಿದಾಗ ಸಿಗುವ ಪರಿಣಾಮ ಮಳೆಯಲ್ಲಿ ಸೋಸಿದ ಮೇಲೆ ಸಿಗುವುದರ ಎರಡರಷ್ಟಿತ್ತು. ಹಸಿವಿಗೂ ಕಳ್ಳತನಕ್ಕೂ ನಂಟಿದೆ ಎಂಬಲ್ಲಿ ಮಾಯರ್ ಸರಿ. ಎಷ್ಟು ಎಂಬಲ್ಲಿ ಅಂಥ ನೇರ ಹೋಲಿಕೆ ಹೆಚ್ಚು ಹೇಳಿಬಿಡುತ್ತದೆ.

ಅದೇ ಕೋಷ್ಟಕದಲ್ಲಿ ಇನ್ನೊಂದು ವಿಚಿತ್ರ ಸಿಕ್ಕಿತು. ರೈ ದುಬಾರಿಯಾದ ವರ್ಷಗಳಲ್ಲಿ ಹಲ್ಲೆ, ಬಡಿದಾಟಗಳು ಕಡಿಮೆಯಾಗಿದ್ದವು. ಹಸಿದವರು ಸಾಧುಗಳಾದರೇ? ಲೇಖಕರು ಕೊಟ್ಟ ಕಾರಣ ಬಿಯರು. ಧಾನ್ಯ ಏರಿದರೆ ಬಿಯರಿನ ಬೆಲೆಯೂ ಏರುತ್ತದೆ, ಕುಡಿತ ಇಳಿಯುತ್ತದೆ, ಕುಡಿದ ಮೇಲಿನ ಜಗಳವೂ ಇಳಿಯುತ್ತದೆ. ಬವೇರಿಯಾದ ಮಟ್ಟಿಗೆ ಇದು ಸಣ್ಣ ವಿಷಯವಲ್ಲ. 1844ರಲ್ಲಿ ಬಿಯರಿನ ಬೆಲೆ ಏರಿಸಿದ್ದಕ್ಕೆ ಮ್ಯೂನಿಕ್ಕಿನಲ್ಲಿ ಜನ ದಂಗೆಯೆದ್ದು, ರಾಜ ಒಂದನೇ ಲುಡ್ವಿಗ್ ಬೆಲೆ ಇಳಿಸಬೇಕಾಯಿತು. 'ಅಪರಾಧ' ಎಂಬ ಒಂದೇ ಪದದಡಿ ಎಲ್ಲವನ್ನೂ ಕೂಡಿಸಿದ್ದರೆ ಏರಿದ ಕಳ್ಳತನ, ಇಳಿದ ಹೊಡೆದಾಟ ಒಂದನ್ನೊಂದು ನುಂಗಿ, ಬೆಲೆಗೂ ಅಪರಾಧಕ್ಕೂ ಹೆಚ್ಚಿನ ಸಂಬಂಧವಿಲ್ಲ ಎಂದು ಬರೆಯುವ ಸಾಧ್ಯತೆಯಿತ್ತು.

ಇದೇ ಪಾಠ ನಮ್ಮ ಕಡೆ ಬೇರೆ ರೀತಿ ಓದಲ್ಪಟ್ಟಿತು. ಮದ್ರಾಸ್ ಪ್ರಾಂತ್ಯದ ಗ್ರಾಮೀಣ ಅಪರಾಧಗಳ ಬಗ್ಗೆ ಇತಿಹಾಸಕಾರ ಡೇವಿಡ್ ಆರ್ನಾಲ್ಡ್ 1979ರಲ್ಲಿ ಬರೆದ ಲೇಖನದಲ್ಲಿ ಡಕಾಯಿತಿಯ ಗೆರೆ ಧಾನ್ಯದ ಬೆಲೆಯ ಜೊತೆ ಏರಿಳಿಯುವುದು ಕಾಣುತ್ತದೆ. ಧಾತು, ಈಶ್ವರ ಸಂವತ್ಸರಗಳ ಬರ ಎಂದು ಹಳಬರು ಕರೆಯುತ್ತಿದ್ದ 1876-78ರ ಕ್ಷಾಮದಲ್ಲಿ ಈ ಗೆರೆ ನೆಟ್ಟಗೆ ಮೇಲೇರಿತು. ಆ ಬರ ಮೈಸೂರು ಸಂಸ್ಥಾನವನ್ನೂ ಬಿಡಲಿಲ್ಲ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನ 1881ರಲ್ಲಿ 42 ಲಕ್ಷಕ್ಕಿಂತ ಕಡಿಮೆಯಾಗಿದ್ದರು. ಮದ್ರಾಸಿನ ಬಂದರಿನಿಂದ ಆಗಲೂ ಧಾನ್ಯ ಹೊರಗೆ ಹೋಗುತ್ತಿತ್ತು, ರಸ್ತೆಯಲ್ಲಿ ಗಾಡಿಗಳು ಲೂಟಿಯಾಗುತ್ತಿದ್ದವು. ಇಲ್ಲಿ ಒಂದು ಪದದ ಲೆಕ್ಕವೂ ಸೇರಿಕೊಂಡಿದೆ. ಆಗಿನ ದಂಡಸಂಹಿತೆಯ 391ನೇ ಕಲಮಿನ ಪ್ರಕಾರ ಐವರು ಅಥವಾ ಹೆಚ್ಚು ಮಂದಿ ಸೇರಿ ಸುಲಿಗೆ ಮಾಡಿದರೆ ಅದು ಡಕಾಯಿತಿಯಾಗಿತ್ತು. ನಾಲ್ವರು ಹಸಿದವರು ರಾಗಿಯ ಮೂಟೆಯನ್ನು ಬಲವಂತದಿಂದ ಕಿತ್ತುಕೊಂಡರೆ ಬರೀ ಸುಲಿಗೆ. ಐದನೆಯವನು ಬಂದು ಕೈ ಹಾಕಿದೊಡನೆ ಅವರು ಡಕಾಯಿತರು, ಕಾಲಮ್ಮೂ ಬೇರೆ, ಶಿಕ್ಷೆಯೂ ಬೇರೆ. ಬರಗಾಲದಲ್ಲಿ ಜನ ಗುಂಪಾಗಿಯೇ ಅಲೆಯುತ್ತಾರೆ.

ಗೆರೆಯ ಪಕ್ಕದಲ್ಲಿ ಬೆಲೆಯನ್ನು ಇಟ್ಟು ನೋಡುವ ಬದಲು ಆಡಳಿತ ಜಾತಿಯನ್ನು ಇಟ್ಟು ನೋಡಿತು. 1871ರಲ್ಲಿ ಉತ್ತರ ಭಾರತಕ್ಕೆಂದು ಬಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ 1911ರಲ್ಲಿ ಮದ್ರಾಸಿಗೂ ಹಬ್ಬಿತು. ಅದರ ಬಲೆಗೆ ಬಿದ್ದವರಲ್ಲಿ ಕೊರವ ಸಮುದಾಯವೂ ಒಂದು. ಇವರ ಇತಿಹಾಸ ಬರೆದ ಮೀನಾ ರಾಧಾಕೃಷ್ಣ ತೋರಿಸಿಕೊಟ್ಟಂತೆ, ಕರಾವಳಿಯ ಉಪ್ಪನ್ನು ಒಳನಾಡಿಗೆ ಹೊತ್ತು ತಂದು ಧಾನ್ಯಕ್ಕೆ ಮಾರುತ್ತಿದ್ದ ಅಲೆಮಾರಿ ವ್ಯಾಪಾರಿಗಳಿವರು. ರೈಲು ಬಂತು, ಉಪ್ಪಿನ ಮೇಲೆ ಸರ್ಕಾರದ ಹಿಡಿತ ಬಿಗಿಯಾಯಿತು, ಕ್ಷಾಮದಲ್ಲಿ ಹೊರೆ ಹೊರುವ ದನಗಳು ಸತ್ತವು. ಕೆಟ್ಲೆ ಹೇಳಿದ ದಿಢೀರ್ ಜಾರುವಿಕೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಆದರೆ ಕಾಯ್ದೆಯ ಕಣ್ಣಿಗೆ ಅವರು ಹುಟ್ಟು ಕಳ್ಳರು. ಹೆಸರು ನೋಂದಾಯಿಸಬೇಕು, ಬೆರಳಚ್ಚು ಕೊಡಬೇಕು, ಹಾಜರಿ ಹಾಕಬೇಕು, ಊರು ಬಿಡಲು ಪಾಸ್ ಬೇಕು. ಹಾಜರಿ ತಪ್ಪಿದರೆ ಅದೇ ಅಪರಾಧ, ಅದೂ ಲೆಕ್ಕಕ್ಕೆ ಸೇರುತ್ತಿತ್ತು. ಹೀಗೆ ಕಾವಲು ಹೆಚ್ಚಿದಷ್ಟು ಕೇಸು ಹೆಚ್ಚಿ, ಕೇಸು ಹೆಚ್ಚಿದಷ್ಟು ಕಾವಲಿಗೆ ಸಮರ್ಥನೆ ಸಿಕ್ಕಿತು. ಬೊಂಬಾಯಿ ಪ್ರಾಂತ್ಯದಲ್ಲಿ ಇಂಥ ಸಮುದಾಯಗಳನ್ನು ತಂತಿಬೇಲಿಯೊಳಗಿನ ವಸತಿಗಳಲ್ಲಿ ಇಟ್ಟರು. ಹುಬ್ಬಳ್ಳಿ, ಗದಗ-ಬೆಟಗೇರಿ, ಸೊಲ್ಲಾಪುರಗಳಲ್ಲಿ 'ಸೆಟ್ಲಮೆಂಟ್' ಎಂಬ ಬಡಾವಣೆಯ ಹೆಸರು ಅಲ್ಲಿಂದ ಬಂದದ್ದು. ಕಾಯ್ದೆ ರದ್ದಾದದ್ದು 1952ರ ಆಗಸ್ಟ್ 31ಕ್ಕೆ. ಹೆಸರು ಇನ್ನೂ ಉಳಿದಿದೆ.

ಸ್ವತಂತ್ರ ಭಾರತದ ಅಂಕಿಗಳನ್ನು ಮಳೆಯ ಜೊತೆ ಇಟ್ಟು ನೋಡುವ ಕೆಲಸ ಈಚೆಗೆ ಸಾಕಷ್ಟು ನಡೆದಿದೆ. ಮಳೆ ಕೈಕೊಟ್ಟ ವರ್ಷ ಆಸ್ತಿ ಅಪರಾಧ ಏರುತ್ತದೆ ಎಂಬಲ್ಲಿ ಫಲಿತಾಂಶ ಬವೇರಿಯಾದ್ದೇ. ಹಿಂಸೆಯ ವಿಷಯದಲ್ಲಿ ಮಾತ್ರ ದಾರಿ ಬೇರೆ. ಶೀತಲ್ ಸೆಖ್ರಿ, ಆಡಮ್ ಸ್ಟೋರಿಗಾರ್ಡ್ ಎಂಬ ಅರ್ಥಶಾಸ್ತ್ರಜ್ಞರು 2002ರಿಂದ 2007ರವರೆಗಿನ 583 ಜಿಲ್ಲೆಗಳ ವರದಕ್ಷಿಣೆ ಸಾವುಗಳನ್ನು ಮಳೆಯ ಪಕ್ಕದಲ್ಲಿಟ್ಟರು. ಒಂದು ಜಿಲ್ಲೆಯಲ್ಲಿ ಮಳೆ ವರ್ಷದಿಂದ ವರ್ಷಕ್ಕೆ ಸಾಮಾನ್ಯವಾಗಿ ಎಷ್ಟು ಏರಿಳಿಯುತ್ತದೋ ಅಷ್ಟು ಕೊರತೆಯಾದರೆ, ದಾಖಲಾದ ವರದಕ್ಷಿಣೆ ಸಾವುಗಳು ನೂರಕ್ಕೆ 7.8ರಷ್ಟು ಹೆಚ್ಚುತ್ತವೆ. ಬರದಲ್ಲಿ ಎಲ್ಲ ಬಗೆಯ ಗಲಭೆಯೂ ಹೆಚ್ಚುತ್ತದಲ್ಲ, ಇದೂ ಅದರ ಭಾಗವಿರಬಹುದೇ ಎಂದು ಬೇರೆ ಅಪರಾಧಗಳನ್ನೂ ನೋಡಿದರು. ಅದಕ್ಕೆ ಆಧಾರ ಸಿಗಲಿಲ್ಲ. ಬೆಳೆ ಹೋದ ಮನೆ ಸೊಸೆಯ ತವರಿನ ಕಡೆ ಕೈ ಚಾಚುತ್ತದೆ ಎಂಬ ವಿವರಣೆಗೆ ಈ ಅಂಕಿ ಹೊಂದುತ್ತದೆ. ಮಳೆ ಹೆಚ್ಚಾಗಿ ಬಿದ್ದ ವರ್ಷಗಳಲ್ಲಿ ಆ ಸಂಖ್ಯೆ ಇಳಿದದ್ದೂ ಕಾಣಲಿಲ್ಲ. ಈ ಕಾಲಮ್ಮಿಗೂ ಒಂದು ಗೆರೆಯಿದೆ: 1986ರಲ್ಲಿ ಸೇರಿಸಿದ, 2024ರವರೆಗೆ ಜಾರಿಯಲ್ಲಿದ್ದ ಐಪಿಸಿಯ 304ಬಿ ಕಲಮಿನ ಪ್ರಕಾರ ಮದುವೆಯಾಗಿ ಏಳು ವರ್ಷದೊಳಗೆ ಸತ್ತರಷ್ಟೇ ಅದು ವರದಕ್ಷಿಣೆ ಸಾವಾಗಿತ್ತು. ಎಂಟನೇ ವರ್ಷದಲ್ಲಿ ಸತ್ತವಳು ಈ ಲೆಕ್ಕದಲ್ಲಿ ಇಲ್ಲ.