ಎಗಾಸ್ ಮೋನಿಜನೂ ಮಿದುಳಿನ ಗಡ್ಡೆಗಳ ದರ್ಶನವೂ

ಶರೀರದೊಳಗಿನ ರೋಗವನ್ನು ಅರಿಯಲು ವೈದ್ಯನಿಗೆ ಪೂರ್ವಕಾಲದಿಂದಲೂ ಮುಖ್ಯವಾಗಿ ಒದಗಿಬಂದ ಪ್ರಮಾಣಗಳು ಎರಡು: ಪ್ರತ್ಯಕ್ಷ ಮತ್ತು ಅನುಮಾನ. ಮೈಮೇಲೆ ಮೂಡಿದ ಅರ್ಬುದವನ್ನು ಕಣ್ಣು ಕಾಣುವುದು, ಕೈ ಮುಟ್ಟುವುದು. ಒಳಗೆ ಅಡಗಿದುದನ್ನಾದರೋ ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ ಲಕ್ಷಣಗಳಿಂದ ಊಹಿಸಬೇಕು. ಮಿದುಳಿನ ವಿಷಯದಲ್ಲಿ ಈ ಊಹೆಯು ಅತ್ಯಂತ ಕಷ್ಟಸಾಧ್ಯವಾಗಿದ್ದಿತು. ತೀವ್ರವಾದ ತಲೆನೋವು, ವಾಂತಿ, ದಿನದಿನಕ್ಕೆ ಕುಂದುವ ದೃಷ್ಟಿ, ಇವು ತಲೆಯೊಳಗೆ ಗಡ್ಡೆಯೊಂದು ಬೆಳೆಯುತ್ತಿರಬಹುದೆಂದು ಸೂಚಿಸುವುವು. ಆದರೆ ಅದು ಬಲಗಡೆಯೋ ಎಡಗಡೆಯೋ, ಮುಂದೆಯೋ ಹಿಂದೆಯೋ ಎಂಬುದನ್ನು ಅನೇಕ ವೇಳೆ ನಿಶ್ಚಯವಾಗಿ ಹೇಳವು. ಶಸ್ತ್ರವೈದ್ಯನು ತಲೆಬುರುಡೆಯ ಒಂದು ಭಾಗವನ್ನು ತೆರೆದು, ಅಲ್ಲಿ ಗಡ್ಡೆಯನ್ನು ಕಾಣದೆ ಮತ್ತೆ ಮುಚ್ಚಿದ ಸಂದರ್ಭಗಳು ಕಡಮೆಯಲ್ಲ. ರೋಗಿಗೆ ಎರಡನೆಯ ಅವಕಾಶವು ದೊರೆಯುವುದೆಂಬ ಭರವಸೆ ಇರಲಿಲ್ಲ.

೧೮೯೫ನೆಯ ಇಸವಿ ನವೆಂಬರ್ ತಿಂಗಳಲ್ಲಿ ಜರ್ಮನಿಯ ವುರ್ಟ್ಸ್‌ಬರ್ಗ್ ನಗರದಲ್ಲಿ ರಾಂಟ್ಜನ್ ಪಂಡಿತನು ಕ್ಷ-ಕಿರಣಗಳನ್ನು ಕಂಡುಹಿಡಿದಾಗ ಈ ಕಷ್ಟವು ತೀರಿತೆಂದು ಅನೇಕರು ಭಾವಿಸಿದರು. ಆದರೆ ಮಿದುಳು ಆ ಕಿರಣಗಳಿಗೂ ತನ್ನ ಗುಟ್ಟನ್ನು ಬಿಟ್ಟುಕೊಡಲಿಲ್ಲ. ಭಾರವಾದ ಪರಮಾಣುಗಳುಳ್ಳ ವಸ್ತುವು ಕ್ಷ-ಕಿರಣಗಳನ್ನು ಹೆಚ್ಚಾಗಿ ತಡೆಯುವುದು, ಹಗುರವಾದುದು ಹಾಯಬಿಡುವುದು. ಸುಣ್ಣದ ಅಂಶವುಳ್ಳ ಎಲುಬು ಚಿತ್ರದಲ್ಲಿ ಎದ್ದು ಕಾಣುವುದಕ್ಕೆ ಇದೇ ಕಾರಣ. ಮಿದುಳಾದರೋ ಬಹುಭಾಗ ನೀರು. ಅದರೊಳಗಿನ ಗಡ್ಡೆಯೂ ರಕ್ತವೂ ಹಾಗೆಯೇ. ಎಲ್ಲವೂ ಒಂದೇ ಬಣ್ಣವಾದಾಗ ಒಂದರಿಂದ ಇನ್ನೊಂದನ್ನು ಬೇರ್ಪಡಿಸುವುದು ಹೇಗೆ? ಹೊರಗಿನಿಂದ ಒಂದು ದ್ರವ್ಯವನ್ನು ಒಳಗೆ ಕಳುಹಿಸಿ, ಅದರ ನೆರಳಿನ ಮೂಲಕ ಒಳಗಿನದನ್ನು ಗುರುತಿಸಬೇಕು. ಇಂತಹ ದ್ರವ್ಯವನ್ನು ಛಾಯಾದ್ರವ್ಯವೆಂದು ಕರೆಯಬಹುದು. ನೆಲದೊಳಗಿನ ನಿಧಿಯನ್ನು ಕಾಣಲು ಅಂಜನ ಹಾಕುವರೆಂಬ ಪ್ರತೀತಿಯು ನಮ್ಮ ನಾಡಿನಲ್ಲಿ ಉಂಟಷ್ಟೆ. ಆ ಅಂಜನವು ನೋಡುವವನ ಕಣ್ಣಿಗೆ. ಈ ಅಂಜನವು ನೋಡಲ್ಪಡುವ ಅವಯವಕ್ಕೆ. ಭೇದವು ಇಷ್ಟೇ.

ಈ ಮಾರ್ಗದಲ್ಲಿ ಮೊದಲು ಜಯವನ್ನು ಪಡೆದವನು ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ವೈದ್ಯಾಲಯದ ಶಸ್ತ್ರವೈದ್ಯನಾದ ವಾಲ್ಟರ್ ಡ್ಯಾಂಡಿ ಎಂಬಾತನು. ಮಿದುಳಿನೊಳಗೆ ದ್ರವದಿಂದ ತುಂಬಿದ ಕುಹರಗಳಿರುವುವು. ೧೯೧೮ರಲ್ಲಿ ಡ್ಯಾಂಡಿಯು ಆ ದ್ರವವನ್ನು ತೆಗೆದು ಅದರ ಸ್ಥಾನದಲ್ಲಿ ಗಾಳಿಯನ್ನು ತುಂಬಿ ಚಿತ್ರ ತೆಗೆಯುವ ಕ್ರಮವನ್ನು ಪ್ರಕಟಿಸಿದನು. ಗಡ್ಡೆಯು ಒತ್ತಿದ ಕಡೆ ಕುಹರವು ಸೊಟ್ಟಗಾಗಿ ಕಾಣುವುದು. ಉಪಾಯವು ಪ್ರಶಂಸನೀಯವಾದುದೇ. ಆದರೆ ಅದಕ್ಕಾಗಿ ತಲೆಬುರುಡೆಯಲ್ಲಿ ರಂಧ್ರವನ್ನು ಕೊರೆಯಬೇಕು. ರೋಗಿಗಾಗುವ ಯಾತನೆ ಬಹಳ, ಅಪಾಯವೂ ಸ್ವಲ್ಪವಲ್ಲ. ಇದಕ್ಕಿಂತ ಸುಗಮವಾದ ದಾರಿಯು ರಕ್ತನಾಳಗಳಲ್ಲಿಯೇ ಇದೆಯೆಂದು ಕಂಡುಕೊಂಡವನು ಪೋರ್ತುಗಲ್ ದೇಶದ ಎಗಾಸ್ ಮೋನಿಜ್.

ಮೋನಿಜನು ೧೮೭೪ನೆಯ ನವೆಂಬರ್ ೨೯ರಂದು ಅವಾಂಕ ಎಂಬ ಗ್ರಾಮದಲ್ಲಿ ಜನಿಸಿದನು. ಎಗಾಸ್ ಮೋನಿಜ್ ಎಂಬುದು ಆ ದೇಶದ ಪ್ರಾಚೀನ ವೀರನೊಬ್ಬನ ನಾಮಧೇಯ. ಮನೆತನದವರು ಅದನ್ನು ಈ ಬಾಲಕನಿಗೆ ಇಟ್ಟರು. ಕೊಯಿಂಬ್ರಾ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರವನ್ನು ಓದಿ, ಬೋರ್ಡೋ ಮತ್ತು ಪ್ಯಾರಿಸ್ ನಗರಗಳ ಆಚಾರ್ಯರಲ್ಲಿ ನರರೋಗಗಳ ವಿದ್ಯೆಯನ್ನು ಅಭ್ಯಸಿಸಿ, ೧೯೧೧ರಲ್ಲಿ ಲಿಸ್ಬನ್ ನಗರದಲ್ಲಿ ಆ ವಿದ್ಯೆಯ ಪ್ರಾಧ್ಯಾಪಕನಾದನು. ಇದರೊಡನೆಯೇ ಆತನು ರಾಜಕಾರಣದಲ್ಲಿಯೂ ಮುಳುಗಿದ್ದನು. ೧೯೦೩ರಿಂದ ಶಾಸನಸಭೆಯ ಸದಸ್ಯ, ೧೯೧೭ರಲ್ಲಿ ಸ್ಪೇನ್ ದೇಶಕ್ಕೆ ರಾಯಭಾರಿ, ೧೯೧೮ರಲ್ಲಿ ವಿದೇಶಾಂಗ ಮಂತ್ರಿ. ಮೊದಲನೆಯ ಮಹಾಯುದ್ಧದ ತರುವಾಯ ಪ್ಯಾರಿಸ್‌ನಲ್ಲಿ ಸೇರಿದ ಶಾಂತಿಸಭೆಗೆ ಪೋರ್ತುಗೀಸ್ ನಿಯೋಗದ ನಾಯಕ. ತನ್ನ ಪಕ್ಷದ ಪ್ರಾಬಲ್ಯವು ಅಳಿದ ಮೇಲೆ ಆತನು ರಾಜಕಾರಣದಿಂದ ಹಿಂದೆಗೆದು ರೋಗಿಗಳ ಬಳಿಗೆ ಮರಳಿದನು. ಇತರರು ವಿಶ್ರಾಂತಿಯನ್ನು ಬಯಸುವ ಐವತ್ತರ ವಯಸ್ಸಿನಲ್ಲಿ ಆತನ ನಿಜವಾದ ಸಂಶೋಧನೆಯು ಆರಂಭವಾಯಿತು. ತಾರುಣ್ಯದಿಂದಲೇ ಹತ್ತಿದ್ದ ವಾತರಕ್ತದಿಂದ ಆತನ ಕೈಬೆರಳುಗಳು ಸೊಟ್ಟಗಾಗಿದ್ದುವು. ಸೂಜಿಯನ್ನೂ ಶಸ್ತ್ರವನ್ನೂ ಹಿಡಿಯುವುದು ದುಸ್ತರವಾಗಿದ್ದಿತು. ಆದುದರಿಂದ ಪೆದ್ರೊ ಅಲ್ಮೈದಾ ಲೀಮಾ ಎಂಬ ತರುಣ ವೈದ್ಯನು ಆತನ ಕೈಯಾದನು. ಬುದ್ಧಿ ಒಬ್ಬನದು, ಹಸ್ತ ಮತ್ತೊಬ್ಬನದು.

ಅಪಸ್ಮಾರ ರೋಗಿಗಳಿಗೆ ಆ ಕಾಲದಲ್ಲಿ ಬ್ರೋಮೈಡ್ ಲವಣಗಳನ್ನು ಕೊಡುತ್ತಿದ್ದರು. ಬ್ರೋಮಿನ್ ಭಾರವಾದ ಧಾತು. ಅದು ಮಿದುಳಿನಲ್ಲಿ ಸೇರಿದರೆ ಮಿದುಳೇ ಚಿತ್ರದಲ್ಲಿ ಮೂಡಬಹುದೆಂದು ಮೋನಿಜನು ಮೊದಲು ಎಣಿಸಿದನು. ಆ ಎಣಿಕೆಯು ಫಲಿಸಲಿಲ್ಲ. ಆಗ ಆತನು ಮಿದುಳನ್ನು ಬಿಟ್ಟು ಮಿದುಳಿಗೆ ರಕ್ತವನ್ನು ಒಯ್ಯುವ ಧಮನಿಗಳತ್ತ ದೃಷ್ಟಿಯನ್ನು ತಿರುಗಿಸಿದನು. ಹೊಳೆಯ ನಡುವೆ ಬಂಡೆಯಿದ್ದರೆ ನೀರು ಬಳಸಿಕೊಂಡು ಹರಿಯುವಂತೆ, ಗಡ್ಡೆಯಿದ್ದಲ್ಲಿ ಧಮನಿಗಳು ತಮ್ಮ ಸಹಜವಾದ ಜಾಡಿನಿಂದ ಸರಿಯಲೇ ಬೇಕು. ಹಾಗಾದರೆ ಸಹಜವಾದ ಜಾಡು ಯಾವುದೆಂಬುದನ್ನು ಮೊದಲು ತಿಳಿಯಬೇಕಷ್ಟೆ. ಅದಕ್ಕಾಗಿ ಆತನು ಶವಗಳ ಧಮನಿಗಳಲ್ಲಿ ಛಾಯಾದ್ರವ್ಯವನ್ನು ತುಂಬಿ ಚಿತ್ರಗಳನ್ನು ತೆಗೆದು, ಆರೋಗ್ಯವಂತನ ಮಿದುಳಿನ ಧಮನಿಗಳ ಪಟವನ್ನು ಸಿದ್ಧಪಡಿಸಿದನು. ಪ್ರಾಣಿಗಳ ಮೇಲೆಯೂ ಪ್ರಯೋಗಗಳು ನಡೆದುವು.

ತರುವಾಯ ಜೀವಂತ ರೋಗಿಗಳ ಸರದಿಯು ಬಂದಿತು. ಮೊದಲು ಆರಿಸಿಕೊಂಡ ದ್ರವ್ಯವು ಸ್ಟ್ರಾನ್ಷಿಯಂ ಬ್ರೋಮೈಡ್. ಕೆಲವರಲ್ಲಿ ದ್ರವ್ಯವು ಧಮನಿಯನ್ನು ಸರಿಯಾಗಿ ಸೇರಲಿಲ್ಲ. ಕೆಲವರಲ್ಲಿ ಸೇರಿದರೂ ರಕ್ತದ ವೇಗದಲ್ಲಿ ಕರಗಿ ನೆರಳು ಮೂಡಲಿಲ್ಲ. ಆರನೆಯ ರೋಗಿಯಲ್ಲಿ ಧಮನಿಯ ರೇಖೆಗಳು ಕಂಡುವು. ಆದರೆ ಕೆಲವು ಗಂಟೆಗಳಲ್ಲಿಯೇ ಧಮನಿಯಲ್ಲಿ ರಕ್ತವು ಹೆಪ್ಪುಗಟ್ಟಿ ಆ ರೋಗಿಯು ಮೃತನಾದನು. ಮೋನಿಜನು ಪ್ರಯೋಗವನ್ನು ನಿಲ್ಲಿಸಿ ಬ್ರೋಮೈಡನ್ನು ತ್ಯಜಿಸಿ, ಅದಕ್ಕಿಂತ ಭಾರವಾದ ಪರಮಾಣುವುಳ್ಳ ಅಯೋಡಿನ್ ಧಾತುವನ್ನು ಆಶ್ರಯಿಸಿದನು. ನೂರಕ್ಕೆ ೨೫ರ ಪ್ರಮಾಣದ ಸೋಡಿಯಂ ಅಯೋಡೈಡ್ ದ್ರಾವಣವು ಕಡಮೆ ಪ್ರಮಾಣದಲ್ಲಿಯೇ ಗಾಢವಾದ ನೆರಳನ್ನು ಕೊಡುವುದೆಂದು ಕಂಡಿತು. ೧೯೨೭ನೆಯ ಜೂನ್ ೨೮ರಂದು ಲಿಸ್ಬನ್ನಿನ ಸಾಂತಾ ಮಾರ್ತಾ ಆಸ್ಪತ್ರೆಯಲ್ಲಿ, ಪಿಟ್ಯೂಟರಿ ಗ್ರಂಥಿಯ ಗಡ್ಡೆಯಿಂದ ದೃಷ್ಟಿಯನ್ನು ಕಳೆದುಕೊಂಡಿದ್ದ ೨೦ ವರ್ಷದ ತರುಣನ ಕೊರಳ ಧಮನಿಯಲ್ಲಿ ಈ ದ್ರಾವಣವನ್ನು ಹೊಗಿಸಿದರು. ಕ್ಷಣದಲ್ಲಿ ತೆಗೆದ ಚಿತ್ರದಲ್ಲಿ ಮಿದುಳಿನ ಧಮನಿಗಳೂ ಗಡ್ಡೆಯು ಅವನ್ನು ಸ್ಥಾನದಿಂದ ತಳ್ಳಿದ ಬಗೆಯೂ ಸ್ಪಷ್ಟವಾಗಿ ಮೂಡಿದುವು. ಆತನು ಒಂಬತ್ತನೆಯ ರೋಗಿ. ಜಗತ್ತು ಕೊಂಡಾಡಿದುದು ಒಂಬತ್ತನೆಯವನ ಚಿತ್ರವನ್ನು. ಆರನೆಯವನ ಪ್ರಾಣವೂ ಆ ಚಿತ್ರದ ಬೆಲೆಯಲ್ಲಿ ಸೇರಿರುವುದನ್ನು ಮರೆಯಲಾಗದು.

ಮರುತಿಂಗಳು ಮೋನಿಜನು ಪ್ಯಾರಿಸ್ ನಗರದ ನರವೈದ್ಯರ ಸಭೆಯಲ್ಲಿ ತನ್ನ ಚಿತ್ರಗಳನ್ನು ತೋರಿಸಿದನು. ಬಲು ಬೇಗ ಲಿಸ್ಬನ್ ನಗರವು ಈ ವಿದ್ಯೆಯ ಪೀಠವಾಯಿತು. ರೈನಾಲ್ದೊ ದೋಸ್ ಸಾಂತೋಸನು ೧೯೨೯ರಲ್ಲಿ ಹೊಟ್ಟೆಯ ಮಹಾಧಮನಿಯ ಚಿತ್ರವನ್ನು ತೆಗೆದನು. ಪೆರೇರಾ ಕಾಲ್ದಾಸನು ಕ್ಷಣಕ್ಷಣಕ್ಕೆ ಫಲಕವನ್ನು ಬದಲಾಯಿಸುವ ಯಂತ್ರವನ್ನು ನಿರ್ಮಿಸಿದುದರಿಂದ ರಕ್ತವು ಧಮನಿಯಿಂದ ಸಿರೆಗೆ ಹರಿಯುವ ಕ್ರಮವೂ ಗೋಚರವಾಯಿತು. ಕೆಲವು ಗಡ್ಡೆಗಳು ಧಮನಿಗಳನ್ನು ತಳ್ಳುವುದಲ್ಲದೆ ತಮ್ಮದೇ ಆದ ನಾಳಗಳ ಜಾಲವನ್ನು ಬೆಳೆಸಿಕೊಳ್ಳುವುವು. ಆ ಜಾಲದ ಆಕಾರದಿಂದ ಗಡ್ಡೆಯ ಸ್ಥಾನವನ್ನು ಮಾತ್ರವಲ್ಲದೆ ಜಾತಿಯನ್ನೂ ಊಹಿಸಲು ಸಾಧ್ಯವಾಯಿತು. ೧೯೩೧ರಲ್ಲಿ ಮೋನಿಜನು ಮಿದುಳಿನ ಗಡ್ಡೆಗಳ ನಿದಾನವನ್ನು ಕುರಿತು ಫ್ರೆಂಚ್ ಭಾಷೆಯಲ್ಲಿ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದನು.

ಇಲ್ಲಿಂದ ಮುಂದೆ ಈ ಚರಿತ್ರೆಯು ಎಚ್ಚರದಿಂದ ಓದತಕ್ಕದ್ದು. ಸೋಡಿಯಂ ಅಯೋಡೈಡ್ ದ್ರಾವಣವು ಧಮನಿಯಲ್ಲಿ ಉರಿಯನ್ನು ಉಂಟುಮಾಡುತ್ತಿದ್ದಿತು. ಕೆಲವರಿಗೆ ಸೆಳವು ಬರುತ್ತಿದ್ದಿತು. ನೋವಿಲ್ಲದ ದ್ರವ್ಯಕ್ಕಾಗಿ ಹುಡುಕುತ್ತಿದ್ದಾಗ ಜರ್ಮನಿಯಲ್ಲಿ ತಯಾರಾದ ಥೋರೋಟ್ರಾಸ್ಟ್ ಎಂಬುದು ಒದಗಿತು. ಥೋರಿಯಂ ಧಾತುವಿನ ಭಸ್ಮವನ್ನು ಅತಿಸೂಕ್ಷ್ಮ ಕಣಗಳಾಗಿ ದ್ರವದಲ್ಲಿ ತೇಲಿಸಿದ ದ್ರವ್ಯವಿದು. ಥೋರಿಯಮ್ಮಿನ ಪರಮಾಣುಸಂಖ್ಯೆ ೯೦, ಅಯೋಡಿನ್ನಿನದು ೫೩; ಆದುದರಿಂದ ನೆರಳು ಬಹು ಗಾಢ. ಉರಿಯಿಲ್ಲ, ಸೆಳವಿಲ್ಲ. ೧೯೩೧ರಿಂದ ಮೋನಿಜನು ಇದನ್ನು ಉಪಯೋಗಿಸಿದನು. ಲೋಕದ ಅನೇಕ ದೇಶಗಳ ವೈದ್ಯರೂ ಹಾಗೆಯೇ ಮಾಡಿದರು. ರೋಗಿಯು ಮುಖವನ್ನು ಕಿವುಚದಿರುವುದನ್ನೇ ನಿರಪಾಯತೆಯ ಪ್ರಮಾಣವೆಂದು ತಿಳಿದರು.

ಆದರೆ ಥೋರಿಯಂ ವಿಕಿರಣವನ್ನು ಸೂಸುವ ಧಾತು. ಅದರ ಪರಮಾಣುಗಳಲ್ಲಿ ಅರ್ಧದಷ್ಟು ನಶಿಸಲು ಸುಮಾರು ೧೪೦೦ ಕೋಟಿ ವರ್ಷಗಳು ಬೇಕು. ಅದರ ಕಣಗಳನ್ನು ಮೂತ್ರಪಿಂಡಗಳು ಹೊರಹಾಕಲಾರವು. ಯಕೃತ್ತು, ಪ್ಲೀಹ, ಮಜ್ಜೆಗಳಲ್ಲಿ ಅವು ನೆಲಸಿ, ಮನುಷ್ಯನು ಬದುಕಿರುವವರೆಗೂ ಸುತ್ತಣ ಜೀವಕಣಗಳನ್ನು ಸುಡುತ್ತಿರುವುವು. ಅಮೆರಿಕದ ವೈದ್ಯಸಂಘದ ಔಷಧಪರಿಷತ್ತು ೧೯೩೨ರಲ್ಲಿಯೇ ಎಚ್ಚರಿಕೆಯನ್ನು ಹೇಳಿದ್ದಿತು. ಆದರೂ ಬಳಕೆಯು ೧೯೫೦ರ ಸುಮಾರಿನವರೆಗೂ ನಿಲ್ಲಲಿಲ್ಲ. ೧೯೪೭ರಲ್ಲಿ, ಹಿಂದೆ ಈ ದ್ರವ್ಯವನ್ನು ಪಡೆದಿದ್ದ ರೋಗಿಯ ಯಕೃತ್ತಿನಲ್ಲಿ ಮಾರಕವಾದ ಅರ್ಬುದವು ಕಂಡುಬಂದ ವರದಿಯು ಪ್ರಕಟವಾಯಿತು. ಅನಂತರ ಪೋರ್ತುಗಲ್, ಜರ್ಮನಿ, ಡೆನ್ಮಾರ್ಕ್, ಜಪಾನ್ ದೇಶಗಳಲ್ಲಿ ಇಂತಹ ರೋಗಿಗಳನ್ನು ದಶಕಗಳ ಕಾಲ ಗಮನಿಸಿದಾಗ, ಯಕೃತ್ತಿನ ಅರ್ಬುದವೂ ರಕ್ತದ ಅರ್ಬುದವೂ ಅವರಲ್ಲಿ ಬಹುವಾಗಿ ಹೆಚ್ಚಿದ್ದುದು ಸಿದ್ಧವಾಯಿತು. ರೋಗವು ತಲೆದೋರಲು ಇಪ್ಪತ್ತು ಮೂವತ್ತು ವರ್ಷಗಳು ಹಿಡಿಯುತ್ತಿದ್ದುವು. ಅರ್ಬುದವನ್ನು ತೋರಿಸಲು ಬಂದ ದ್ರವ್ಯವೇ ಅರ್ಬುದದ ಬೀಜವಾಯಿತು.

ಮೋನಿಜನ ಕೀರ್ತಿಯ ಗತಿಯೂ ವಿಚಿತ್ರವಾದುದು. ಧಮನೀಚಿತ್ರಣಕ್ಕಾಗಿ ಆತನ ಹೆಸರನ್ನು ೧೯೨೮ರಲ್ಲಿಯೇ ನೋಬೆಲ್ ಪಾರಿತೋಷಕಕ್ಕೆ ಸೂಚಿಸಿದ್ದರೂ ಅದು ದೊರೆಯಲಿಲ್ಲ. ೧೯೩೫ರಲ್ಲಿ ಆತನು ಮನೋರೋಗಿಗಳ ಮಿದುಳಿನ ಮುಂಭಾಗದ ನರತಂತುಗಳನ್ನು ಕಡಿಯುವ ಚಿಕಿತ್ಸೆಯನ್ನು ಉಪಕ್ರಮಿಸಿದನು. ೧೯೪೯ರಲ್ಲಿ ಪಾರಿತೋಷಕವು ದೊರೆತುದು ಅದಕ್ಕಾಗಿ. ಆ ಚಿಕಿತ್ಸೆಯು ಅನೇಕ ರೋಗಿಗಳ ವ್ಯಕ್ತಿತ್ವವನ್ನೇ ಕುಂದಿಸಿತೆಂದು ತಿಳಿದ ಮೇಲೆ ವೈದ್ಯಲೋಕವು ಅದನ್ನು ಕೈಬಿಟ್ಟಿತು. ೧೯೫೫ನೆಯ ಡಿಸೆಂಬರ್ ೧೩ರಂದು ಮೋನಿಜನು ಲಿಸ್ಬನ್ನಿನಲ್ಲಿ ಕಾಲವಾದನು. ಪಾರಿತೋಷಕವನ್ನು ತಂದ ಕಾರ್ಯವು ಅಳಿಯಿತು. ಪಾರಿತೋಷಕವನ್ನು ತರದ ಕಾರ್ಯವು ಉಳಿಯಿತು. ಮಿದುಳಿನ ಧಮನಿಗಳ ಚಿತ್ರಣವು ಇಂದಿಗೂ ಜಗತ್ತಿನ ಆಸ್ಪತ್ರೆಗಳಲ್ಲಿ ನಡೆಯುತ್ತಲಿದೆ.

ಹಾಗೆ ಉಳಿಯಲು ಕಾರಣವು ಅಯೋಡಿನ್ ಮಾರ್ಗಕ್ಕೆ ವಿದ್ವಾಂಸರು ಹಿಂದಿರುಗಿದುದೇ. ೧೯೨೯ರಲ್ಲಿ ಬರ್ಲಿನ್ ನಗರದಲ್ಲಿ ಮೋಸೆಸ್ ಸ್ವಿಕ್ ಎಂಬ ತರುಣನು ಮೂತ್ರದ ಮೂಲಕ ಶೀಘ್ರವಾಗಿ ಹೊರಹೋಗುವ ಅಯೋಡಿನ್ ಸಂಯುಕ್ತವೊಂದನ್ನು ಪ್ರಯೋಗಿಸಿ ತೋರಿಸಿದ್ದನು. ಸ್ವೀಡನ್ನಿನ ಟಾರ್ಸ್ಟೆನ್ ಆಲ್ಮೆನ್ನನು ಉರಿಯ ಕಾರಣವನ್ನು ಶೋಧಿಸಿದನು: ಉಪ್ಪುನೀರಿನಲ್ಲಿ ಕಣ್ಣು ತೆರೆದರೆ ಉರಿಯುವಂತೆ, ರಕ್ತಕ್ಕಿಂತ ಬಹು ಸಾಂದ್ರವಾದ ದ್ರಾವಣವು ನಾಳವನ್ನು ಉರಿಸುವುದು. ೧೯೬೯ರಲ್ಲಿ ಆತನು ಸೂಚಿಸಿದ ತತ್ತ್ವದಿಂದ, ನೀರಿನಲ್ಲಿ ಲವಣದಂತೆ ಒಡೆಯದ ಸೌಮ್ಯವಾದ ದ್ರವ್ಯಗಳು ಹುಟ್ಟಿದುವು. ಕಾಂತಶಕ್ತಿಯಿಂದ ಚಿತ್ರವನ್ನು ರಚಿಸುವ ಎಂ.ಆರ್.ಐ. ಯಂತ್ರಕ್ಕಾಗಿ ಗ್ಯಾಡೋಲಿನಿಯಂ ಧಾತುವಿನ ಸಂಯುಕ್ತವು ೧೯೮೮ರಲ್ಲಿ ಬಳಕೆಗೆ ಬಂದಿತು. ಆರೋಗ್ಯವಾದ ಮಿದುಳಿನಲ್ಲಿ ರಕ್ತದಿಂದ ಹೊರಗೆ ಬಾರದ ಈ ದ್ರವ್ಯವು, ನಾಳಗಳ ತಡೆ ಮುರಿದ ಗಡ್ಡೆಯೊಳಗೆ ಒಸರಿ, ಗಡ್ಡೆಯನ್ನು ಬೆಳಗಿಸುವುದು.

ಈ ನೂತನ ದ್ರವ್ಯವನ್ನೂ ಹಳೆಯ ಪ್ರಶ್ನೆಯು ಬಿಡಲಿಲ್ಲ. ಮೂತ್ರಪಿಂಡಗಳು ಕೆಟ್ಟವರಲ್ಲಿ ಗ್ಯಾಡೋಲಿನಿಯಂ ಉಳಿದು ಚರ್ಮವನ್ನು ಕಲ್ಲಿನಂತೆ ಬಿಗಿಯುವ ರೋಗವನ್ನು ತರುವುದೆಂದು ೨೦೦೬ರಲ್ಲಿ ತಿಳಿಯಿತು. ೨೦೧೭ರಲ್ಲಿ ಯೂರೋಪಿನ ಔಷಧಾಧಿಕಾರಿಗಳು, ದೇಹದಲ್ಲಿ ಹೆಚ್ಚಾಗಿ ಉಳಿಯುವ ಜಾತಿಯ ಗ್ಯಾಡೋಲಿನಿಯಂ ದ್ರವ್ಯಗಳಲ್ಲಿ ಹಲವನ್ನು ತಡೆದರು. ಈ ಬಾರಿ ಪ್ರಶ್ನೆಯು ಬೇಗನೆ ಎದ್ದುದಕ್ಕೂ ಉತ್ತರವು ಬೇಗನೆ ದೊರೆತುದಕ್ಕೂ ಥೋರಿಯಮ್ಮಿನ ನೆನಪು ಸಹಕಾರಿಯಾಗಿರಬೇಕು.

ಅತಿಥಿ ಎಂಬ ಶಬ್ದಕ್ಕೆ, ಎರಡನೆಯ ತಿಥಿಯವರೆಗೆ ನಿಲ್ಲದವನೆಂದು ಪಂಡಿತರು ಅರ್ಥವನ್ನು ಹೇಳುವರು. ಛಾಯಾದ್ರವ್ಯವೂ ಶರೀರಕ್ಕೆ ಅಂತಹ ಅತಿಥಿಯಾಗಿರಬೇಕು. ಅದು ಏನನ್ನು ತೋರಿಸಿತೆಂಬುದನ್ನು ಚಿತ್ರವು ಆ ಕ್ಷಣದಲ್ಲಿಯೇ ಹೇಳುವುದು. ಅದು ಮರಳಿ ಹೊರಟಿತೇ ಎಂಬುದನ್ನು ಕಾಲವು ಮಾತ್ರ ಹೇಳುವುದು. ಮೊದಲನೆಯ ಉತ್ತರದಿಂದ ತೃಪ್ತರಾಗಿ ಎರಡನೆಯದನ್ನು ಕೇಳದೆ ಹೋದುದರ ಫಲವನ್ನು ಅಸಂಖ್ಯ ರೋಗಿಗಳು ಉಂಡರು. ಮೋನಿಜನ ಜೀವಿತದಿಂದ ಜಗತ್ತಿಗೆ ಲಭಿಸಿದ ದರ್ಶನವು ಎಷ್ಟು ದೊಡ್ಡದೋ ಈ ಪಾಠವೂ ಅಷ್ಟೇ ದೊಡ್ಡದು.